ಮೂಗಿಲ್ಲದ ಕಾಳೂ ಉಸಿರಾಡುತ್ತದೆ: ಕೋಶೀಯ ಉಸಿರಾಟವನ್ನು ಮನೆಯಲ್ಲೇ ಮಾಡಿ ನೋಡುವ ಬಗೆ

ದಾವಣಗೆರೆಯಲ್ಲಿ ಹೈಸ್ಕೂಲು, ಪಿಯು ಮಕ್ಕಳಿಗೆ ಸಂಜೆ ಹೊತ್ತು ಜೀವಶಾಸ್ತ್ರ ಹೇಳಿಕೊಡುತ್ತೇನೆ. ಪರೀಕ್ಷೆ ಹತ್ತಿರ ಬಂತೆಂದರೆ ಫೋನಿಗೆ ಬರುವ ಪ್ರಶ್ನೆಗಳು ಮೂರೇ. ಉಸಿರಾಟ ಅಂದರೆ ಶ್ವಾಸಕೋಶದ ಕೆಲಸ ತಾನೇ, ಅದರಲ್ಲಿ ಜೀವಕೋಶ ಎಲ್ಲಿಂದ ಬಂತು? ಗಿಡ ರಾತ್ರಿ ಮಾತ್ರ ಉಸಿರಾಡುತ್ತಾ? ಒಂದು ಗ್ಲೂಕೋಸಿಗೆ ಎಟಿಪಿ (ಕೋಶದಲ್ಲಿ ಶಕ್ತಿ ಹಿಡಿದಿಡುವ ಅಣು) 38 ಬರೀಬೇಕಾ, 36 ಬರೀಬೇಕಾ, 32 ಬರೀಬೇಕಾ? ಪ್ರತಿ ವರ್ಷ ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಮ್ಮೆ ಬರೆದಿಟ್ಟರೆ ಆಯಿತು ಅಂದುಕೊಂಡು ಇದನ್ನು ಬರೆಯುತ್ತಿದ್ದೇನೆ.

ಒಂದು ಕೋರಿಕೆ. ಮೊದಲು ಕೈಯಲ್ಲಿ ಮಾಡಿ ನೋಡಿ, ಆಮೇಲೆ ಪುಸ್ತಕದ ಚಿತ್ರ ಬಿಡಿಸಿ. ಕೋಶ ಆಹಾರವನ್ನು ಬಿಚ್ಚುವ ಹಂತಗಳಲ್ಲೊಂದಾದ ಕ್ರೆಬ್ಸ್ ಚಕ್ರವನ್ನು ಬಾಯಿಪಾಠ ಮಾಡಿದ ಮಕ್ಕಳು ಮೊಳಕೆ ಕಾಳಿನ ಗಂಟು ಯಾಕೆ ಬೆಚ್ಚಗಿರುತ್ತದೆ ಅಂದರೆ ತಲೆ ಕೆರೆದುಕೊಳ್ಳುತ್ತಾರೆ. ಎರಡೂ ಒಂದೇ ಪಾಠ.

ಬೇಕಾಗುವ ಸಾಮಾನು

ಕಾಲು ಕಿಲೋ ಹೆಸರುಕಾಳು. ಒಂದೇ ಅಳತೆಯ ಎರಡು ಥರ್ಮಾಸ್ ಫ್ಲಾಸ್ಕ್. ಎರಡು ಲ್ಯಾಬ್ ಥರ್ಮಾಮೀಟರ್. ಹತ್ತಿ, ತೆಳು ಬಟ್ಟೆ, ದಾರ. ಅಗಲ ಬಾಯಿಯ, ಬಿಗಿ ಮುಚ್ಚಳದ ಮೂರು ಗಾಜಿನ ಬಾಟಲಿ (ಉಪ್ಪಿನಕಾಯಿಯವು ಸಾಕು, ಎಣ್ಣೆ ಜಿಡ್ಡು ಹೋಗುವಂತೆ ತೊಳೆದಿರಬೇಕು). ಎಲೆ ಅಡಿಕೆಗೆ ಹಚ್ಚುವ ಸುಣ್ಣ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಒಣ ಯೀಸ್ಟ್, ಸಕ್ಕರೆ, ಎರಡು ಬಲೂನು, ಅವನ್ನು ಸಿಕ್ಕಿಸಲು ಸಣ್ಣ ಬಾಯಿಯ ಎರಡು ಬಾಟಲಿ.

ಕೊಳ್ಳುವಾಗಲೇ ಎರಡು ಎಚ್ಚರಿಕೆ. ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ಕೆಲಸಕ್ಕೆ ಬಾರದು. ಅದು 35 ಡಿಗ್ರಿಯಿಂದ ಮೇಲಕ್ಕಷ್ಟೇ ಓದುತ್ತದೆ, ನಮ್ಮ ಪ್ರಯೋಗ ಶುರುವಾಗುವುದು ಅದಕ್ಕಿಂತ ಕೆಳಗೆ. ಎರಡನೆಯದು, ಹೆಸರುಕಾಳಿನ ಬದಲು ಮೆಕ್ಕೆಜೋಳ ಬಳಸುವುದಾದರೆ ಬಿತ್ತನೆ ಬೀಜದ ಪ್ಯಾಕೆಟ್ ಒಡೆಯಬೇಡಿ. ಆ ಗುಲಾಬಿ ಬಣ್ಣ ಬೀಜೋಪಚಾರದ ಔಷಧಿಯದ್ದು, ಮಕ್ಕಳು ಬರಿಗೈಯಲ್ಲಿ ಮುಟ್ಟಬಾರದು. ಮನೆಯಲ್ಲಿ ಬಿಸಿಲಿಗೆ ಒಣಗಿಸಿದ ಜೋಳ ಇದ್ದರೆ ಸರಿ. ಯಂತ್ರದಲ್ಲಿ ಬಿಸಿಗಾಳಿ ಹಾಯಿಸಿ ಒಣಗಿಸಿದ ಕಾಳಿನಲ್ಲಿ ಮೊಳಕೆಯೊಡೆಯುವ ಶಕ್ತಿಯೇ ಹೋಗಿರಬಹುದು. ಹೊಸಬರಿಗೆ ಹೆಸರುಕಾಳೇ ಸುಲಭ.

1. ಮೊದಲು ಎರಡು ಪದ ಬೇರೆ ಮಾಡಿಕೊಳ್ಳಿ

ಗಾಳಿಯನ್ನು ಒಳಗೆ ಎಳೆದು ಹೊರಗೆ ಬಿಡುವುದು ಎದೆಗೂಡಿನ ಕೆಲಸ. ಅದನ್ನು ಉಸಿರಾಡುವಿಕೆ ಅನ್ನೋಣ. ಕೋಶೀಯ ಉಸಿರಾಟ ಅಂದರೆ ಜೀವಕೋಶದ ಒಳಗೆ ಆಹಾರವನ್ನು ಹಂತಹಂತವಾಗಿ ಬಿಚ್ಚಿ ಶಕ್ತಿ ತೆಗೆಯುವ ರಾಸಾಯನಿಕ ಕೆಲಸ. ಮೊದಲನೆಯದು ಸಾಗಾಟ, ಎರಡನೆಯದು ಅಡುಗೆ. ಕನ್ನಡದಲ್ಲಿ ಎರಡಕ್ಕೂ ‘ಉಸಿರು’ ಅಂಟಿಕೊಂಡಿರುವುದರಿಂದಲೇ ಅರ್ಧ ಗೊಂದಲ. ಹೆಸರುಕಾಳಿಗೆ ಮೂಗಿಲ್ಲ, ಶ್ವಾಸಕೋಶವಿಲ್ಲ. ಉಸಿರಾಟ ಮಾತ್ರ ಇದೆ.

ಗಿಡದ ಪ್ರಶ್ನೆಯೂ ಇಲ್ಲಿಯೇ ತೀರುತ್ತದೆ. ಗಿಡ ಹಗಲು ರಾತ್ರಿ ಎರಡೂ ಹೊತ್ತು ಉಸಿರಾಡುತ್ತದೆ. ಹಗಲಲ್ಲಿ ದ್ಯುತಿಸಂಶ್ಲೇಷಣೆಯ ಅಬ್ಬರದಲ್ಲಿ ಅದು ಕಾಣುವುದಿಲ್ಲ, ಅಷ್ಟೆ.

2. ಬಿಸಿ ಹಿಡಿಯಿರಿ

ಇದು ಮುಖ್ಯ ಹಂತ, ಅವಸರ ಬೇಡ.

ಕಾಳನ್ನು ರಾತ್ರಿ ನೆನೆಹಾಕಿ. ಬೆಳಗ್ಗೆ ನೀರು ಬಸಿದು ಬಟ್ಟೆಯಲ್ಲಿ ಗಂಟು ಕಟ್ಟಿಡಿ. ನಮ್ಮೂರ ಬೇಸಿಗೆಯಲ್ಲಿ ಸಂಜೆಯೊಳಗೆ ಬಿಳಿ ಮೂತಿ ಕಾಣುತ್ತದೆ, ಚಳಿಗಾಲದಲ್ಲಿ ಇನ್ನೊಂದು ರಾತ್ರಿ ಬೇಕಾದೀತು. ಮೊಳಕೆ ಅರ್ಧ ಬೆರಳು ಉದ್ದ ಬರುವವರೆಗೆ ಕಾಯಬೇಡಿ, ಮೂತಿ ಕಂಡರೆ ಸಾಕು.

ಈಗ ಎರಡು ಪಾಲು ಮಾಡಿ. ಒಂದು ಪಾಲನ್ನು ಹತ್ತು ನಿಮಿಷ ಕುದಿಸಿ ಪೂರ್ತಿ ತಣಿಯಲು ಬಿಡಿ. ಪೂರ್ತಿ ಅಂದರೆ ಪೂರ್ತಿ. ಉಗುರುಬೆಚ್ಚಗಿದ್ದಾಗಲೇ ಫ್ಲಾಸ್ಕಿಗೆ ತುಂಬಿದರೆ ಒಲೆಯ ಬಿಸಿಯನ್ನೇ ಅಳೆದಂತಾಗುತ್ತದೆ. ತಣಿದ ಮೇಲೆ ಎರಡೂ ಪಾಲನ್ನು ಸ್ವಲ್ಪ ಡೆಟಾಲ್ ಬೆರೆಸಿದ ನೀರಿನಲ್ಲಿ ಎರಡು ನಿಮಿಷ ಅದ್ದಿ, ಒಳ್ಳೆ ನೀರಿನಲ್ಲಿ ತೊಳೆದು ಬಸಿಯಿರಿ. ಫ್ಲಾಸ್ಕ್‌ಗಳನ್ನೂ ಹಾಗೆಯೇ ತೊಳೆಯಿರಿ. ಪ್ರಯೋಗ ಮುಗಿದ ಮೇಲೆ ಈ ಕಾಳನ್ನು ಕೋಸಂಬರಿಗೆ ಹಾಕಬಾರದು, ಅಮ್ಮನಿಗೂ ಹೇಳಿಡಿ.

ಒಂದೊಂದು ಪಾಲನ್ನು ಒಂದೊಂದು ಫ್ಲಾಸ್ಕಿಗೆ ಮುಕ್ಕಾಲು ತುಂಬಿ. ಥರ್ಮಾಮೀಟರಿನ ತುದಿ ಕಾಳಿನ ನಟ್ಟನಡುವೆ ಇರಲಿ. ಬಾಯಿಗೆ ಹತ್ತಿ ತುರುಕಿ. ಫ್ಲಾಸ್ಕಿನದೇ ಬಿರಡೆ ಹಾಕಿ ಬಿಗಿದರೆ ಒಳಗಿನ ಆಮ್ಲಜನಕ ಬೇಗ ತೀರಿಹೋಗಿ ಪ್ರಯೋಗ ಸೊರಗುತ್ತದೆ. ಹತ್ತಿ ಗಾಳಿಯನ್ನು ಬಿಡುತ್ತದೆ, ಬಿಸಿಯನ್ನು ತಡೆಯುತ್ತದೆ. ಎರಡನ್ನೂ ಬಿಸಿಲು ಬೀಳದ ಒಂದೇ ಜಾಗದಲ್ಲಿಟ್ಟು ನಾಲ್ಕು ಗಂಟೆಗೊಮ್ಮೆ ಓದಿ ಬರೆದುಕೊಳ್ಳಿ. ಜೀವಂತ ಕಾಳಿನ ಫ್ಲಾಸ್ಕ್ ಕೆಲವು ಡಿಗ್ರಿ ಮೇಲೇರುತ್ತದೆ. ಬೆಂದ ಕಾಳಿನದು ಕೋಣೆಯ ಬಿಸಿಯ ಹತ್ತಿರವೇ ಉಳಿಯುತ್ತದೆ.

ಒಂದು ದಿನಕ್ಕೆ ನಿಲ್ಲಿಸಿಬಿಡಿ. ನಾನು ಮೊದಲ ಸಲ ಮಾಡಿದಾಗ ಡೆಟಾಲ್ ನೀರಿನ ಉಸಾಬರಿ ಬೇಡವೆಂದು ಬಿಟ್ಟಿದ್ದೆ, ಮೂರು ದಿನ ಇಟ್ಟೂ ಇದ್ದೆ. ಬೆಂದ ಕಾಳಿನ ಫ್ಲಾಸ್ಕೇ ಹೆಚ್ಚು ಬಿಸಿಯಾಗಿ, ಹತ್ತಿ ತೆಗೆದರೆ ಕೋಣೆಯಲ್ಲಿ ಯಾರೂ ನಿಲ್ಲಲಾಗಲಿಲ್ಲ. ಸತ್ತ ಕಾಳು ಉಸಿರಾಡಿದ್ದಲ್ಲ. ಅದನ್ನು ತಿನ್ನುತ್ತಿದ್ದ ಬ್ಯಾಕ್ಟೀರಿಯಾ, ಬೂಷ್ಟು ಉಸಿರಾಡಿದ್ದವು. ಅವೂ ಜೀವಕೋಶಗಳೇ ಅಲ್ಲವೇ. ಆ ದಿನ ಪ್ರಯೋಗ ಕೆಟ್ಟರೂ ಪಾಠ ಕೆಡಲಿಲ್ಲ.

3. ಹೊರಬಿದ್ದ ಅನಿಲ ಹಿಡಿಯಿರಿ

ಮೊದಲು ಸುಣ್ಣದ ತಿಳಿ ತಯಾರಿಸಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಮಚ ಎಲೆಸುಣ್ಣ ಹಾಕಿ ಕುಲುಕಿ, ಮುಚ್ಚಿಡಿ. ಬೆಳಗ್ಗೆ ಮೇಲಿನ ತಿಳಿಯನ್ನಷ್ಟೇ ಅಲುಗಾಡಿಸದೆ ಬಗ್ಗಿಸಿಕೊಳ್ಳಿ. ಲೀಟರಿಗೆ ಕರಗುವುದು ಒಂದೂವರೆ ಗ್ರಾಂ ಚಿಲ್ಲರೆ ಮಾತ್ರ, ಉಳಿದದ್ದು ತಳದಲ್ಲೇ ಕೂರುತ್ತದೆ, ಗಾಬರಿಯಾಗಬೇಡಿ. ಸುಟ್ಟ ಸುಣ್ಣದ ಕಲ್ಲು ತಂದು ಮನೆಯಲ್ಲಿ ಅರಳಿಸುವ ಸಾಹಸ ಮಾತ್ರ ಬೇಡ. ಅದು ನೀರು ಬಿದ್ದ ಕೂಡಲೇ ಕೊತಕೊತ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು.

ಮೂರು ಬಾಟಲಿಯ ತಳಕ್ಕೂ ಎರಡು ಬೆರಳು ಎತ್ತರ ಸುಣ್ಣದ ತಿಳಿ ಹಾಕಿ. ಮೊದಲನೆಯದರಲ್ಲಿ ಮೊಳಕೆ ಕಾಳಿನ ಪುಟ್ಟ ಗಂಟನ್ನು ನೀರಿಗೆ ತಾಗದಂತೆ ದಾರದಲ್ಲಿ ತೂಗುಬಿಡಿ. ಎರಡನೆಯದರಲ್ಲಿ ಬೆಂದ ಕಾಳಿನ ಗಂಟು. ಮೂರನೆಯದು ಖಾಲಿ. ಮೂರನ್ನೂ ಬಿಗಿಯಾಗಿ ಮುಚ್ಚಿ ಕತ್ತಲಲ್ಲಿಡಿ. ಕತ್ತಲು ಯಾಕೆಂದರೆ ಮೊಳಕೆ ಬೆಳಕಿಗೆ ಬಿದ್ದು ಹಸಿರಾಯಿತೆಂದರೆ ತಾನು ಬಿಟ್ಟ ಅನಿಲವನ್ನು ತಾನೇ ವಾಪಸ್ ಎಳೆದುಕೊಳ್ಳತೊಡಗುತ್ತದೆ.

ಮರುದಿನ ನೋಡಿದರೆ ಮೊದಲ ಬಾಟಲಿಯಲ್ಲಿ ಮಜ್ಜಿಗೆ ನೀರಿನಂಥ ಬಿಳುಪು, ಮೇಲೆ ತೆಳ್ಳನೆ ಕೆನೆಯಂಥ ಪದರ. ಕಾರ್ಬನ್ ಡೈಆಕ್ಸೈಡ್ ಸುಣ್ಣದ ಜೊತೆ ಕೂಡಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿದೆ. ಖಾಲಿ ಬಾಟಲಿಯಲ್ಲೂ ಚೂರು ಪದರ ಕಂಡೀತು. ಅದು ಬಾಟಲಿಯಲ್ಲಿದ್ದ ಗಾಳಿಯದ್ದು. ಅದನ್ನು ಲೆಕ್ಕದಿಂದ ಕಳೆಯಲೆಂದೇ ಮೂರನೆಯ ಬಾಟಲಿ ಇಟ್ಟದ್ದು. ಇದನ್ನು ಬಿಟ್ಟು ಎರಡೇ ಬಾಟಲಿ ಇಡುವವರು ಬಹಳ.

ಮುಚ್ಚಳ ತೆಗೆದ ತಕ್ಷಣ ಉರಿಯುವ ಕಡ್ಡಿಯೊಂದನ್ನು ಮೊದಲ ಬಾಟಲಿಯೊಳಗೆ ಇಳಿಸಿ. ತಟ್ಟನೆ ಆರುತ್ತದೆ. ಈ ಆರಿದ ಕಡ್ಡಿಯನ್ನು ನೆನಪಿಟ್ಟುಕೊಳ್ಳಿ, ಕೊನೆಯ ಹಂತದಲ್ಲಿ ಬೇಕು.

ಸುಣ್ಣದ ತಿಳಿಗೆ ಸ್ಟ್ರಾ ಹಾಕಿ ಊದಿದರೂ ಬಿಳಿಯಾಗುತ್ತದೆ. ಹೊರಗಿನ ಗಾಳಿಯಲ್ಲಿ ಶೇ. 0.04ರಷ್ಟಿರುವ ಈ ಅನಿಲ ನಾವು ಬಿಡುವ ಉಸಿರಿನಲ್ಲಿ ಶೇ. 4ರ ಆಸುಪಾಸು ಇರುತ್ತದೆ. ಊದುವುದಷ್ಟೇ, ಹೀರಬಾರದು. ಬಹಳ ಹೊತ್ತು ಊದಿದರೆ ಬಿಳುಪು ಮತ್ತೆ ತಿಳಿಯಾಗುತ್ತದೆ, ಯಾಕೆಂದರೆ ಕರಗುವ ಬೈಕಾರ್ಬೊನೇಟ್ ಆಗಿರುತ್ತದೆ. ‘ನನ್ನದು ಬಂದೇ ಇಲ್ಲ ಸರ್’ ಅನ್ನುವವರಲ್ಲಿ ಅರ್ಧ ಜನ ಊದಿದ್ದು ಹೆಚ್ಚಾದವರು.

4. ಆಮ್ಲಜನಕ ಇಲ್ಲದಿದ್ದರೆ?

ಬೆರಳಿಟ್ಟರೆ ಹಿತವೆನಿಸುವಷ್ಟು ಬೆಚ್ಚಗಿನ ಒಂದು ಲೋಟ ನೀರಿಗೆ ಎರಡು ಚಮಚ ಸಕ್ಕರೆ, ಒಂದು ಚಮಚ ಯೀಸ್ಟ್ ಹಾಕಿ ಸಣ್ಣ ಬಾಯಿಯ ಬಾಟಲಿಗೆ ಸುರಿದು ಬಾಯಿಗೆ ಬಲೂನು ಸಿಕ್ಕಿಸಿ. ಇನ್ನೊಂದು ಬಾಟಲಿಗೆ ಸಕ್ಕರೆ ಬಿಟ್ಟು ಉಳಿದದ್ದೆಲ್ಲ. ಅರ್ಧ, ಮುಕ್ಕಾಲು ಗಂಟೆಯಲ್ಲಿ ಸಕ್ಕರೆ ಹಾಕಿದ್ದರ ಬಲೂನು ಎದ್ದು ನಿಲ್ಲುತ್ತದೆ. ಚಹಾದಷ್ಟು ಬಿಸಿ ನೀರು ಸುರಿದರೆ ಯೀಸ್ಟ್ ಸಾಯುತ್ತದೆ, ಬಲೂನು ಜೋತುಬಿದ್ದೇ ಇರುತ್ತದೆ.

ಇಲ್ಲಿ ಜನ ಎಡವುವುದು ಅಂಗಡಿಯಲ್ಲೇ. ಬೇಕಿಂಗ್ ಪೌಡರ್ ಯೀಸ್ಟ್ ಅಲ್ಲ. ಅದು ಸೋಡಾ ಮತ್ತು ಆಮ್ಲದ ಪುಡಿ, ನೀರು ಬಿದ್ದರೆ ಜೀವವಿಲ್ಲದೆಯೂ ಅದೇ ಅನಿಲ ಬಿಟ್ಟು ಬಲೂನು ಊದಿಸುತ್ತದೆ. ಬೆಣ್ಣೆದೋಸೆ ಹಿಟ್ಟು ಉಬ್ಬುವುದನ್ನು ಸಾಕ್ಷಿಗೆ ಬರೆಯುವವರೂ ಇದೇ ಎಚ್ಚರ ಇಟ್ಟುಕೊಳ್ಳಿ. ಅಕ್ಕಿ, ಉದ್ದು, ಮಂಡಕ್ಕಿ ರುಬ್ಬಿ ರಾತ್ರಿಯಿಡೀ ಬಿಟ್ಟ ಹಿಟ್ಟು ಲ್ಯುಕೊನೊಸ್ಟಾಕ್‌ನಂಥ ಬ್ಯಾಕ್ಟೀರಿಯಾಗಳಿಂದ ಉಬ್ಬಿ ಹುಳಿಯಾಗಿದ್ದರೆ ಅದು ಹುದುಗುವಿಕೆ, ಅಂದರೆ ಆಮ್ಲಜನಕವಿಲ್ಲದೆ ಆಹಾರ ಬಿಚ್ಚುವ ಕೆಲಸ. ಬೆಳಗ್ಗೆ ಒಂದು ಚಿಟಿಕೆ ಸೋಡಾ ಬಿದ್ದಿದ್ದರೆ ಆ ಹಿಟ್ಟು ಸಾಕ್ಷಿ ಹೇಳಲಾರದು.

ಹುದುಗುವಿಕೆಯಲ್ಲಿ ಗ್ಲೂಕೋಸ್ ಅರ್ಧಂಬರ್ಧ ಬಿಚ್ಚುತ್ತದೆ. ಯೀಸ್ಟಿನಲ್ಲಿ ಮದ್ಯಸಾರ ಮತ್ತು ಕಾರ್ಬನ್ ಡೈಆಕ್ಸೈಡ್, ನಮ್ಮ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ. ಚಿತ್ರದುರ್ಗದ ಕೋಟೆಯನ್ನು ಓಡಿ ಹತ್ತುವಾಗ ತೊಡೆ ಉರಿಯುವ ಹೊತ್ತಿಗೆ ಸ್ನಾಯು ಈ ದಾರಿಯನ್ನೂ ಹಿಡಿದಿರುತ್ತದೆ. ಮರುದಿನ ಮೆಟ್ಟಿಲಿಳಿಯಲಾಗದಂತೆ ಕಾಡುವ ನೋವನ್ನು ಮಾತ್ರ ಅದರ ತಲೆಗೆ ಕಟ್ಟಬೇಡಿ. ಲ್ಯಾಕ್ಟಿಕ್ ಆಮ್ಲ ಗಂಟೆ ಎರಡು ಗಂಟೆಯಲ್ಲಿ ತೊಳೆದುಹೋಗುತ್ತದೆ. ನಾಳೆಯ ನೋವು ಸ್ನಾಯುವಿನ ಎಳೆಗಳಿಗೆ ಬಿದ್ದ ಪೆಟ್ಟು.

5. ಈಗ ಕೋಶದೊಳಗೆ ಹೋಗಿ

ಒಟ್ಟು ಸಮೀಕರಣ ಎಲ್ಲರಿಗೂ ಗೊತ್ತು: ಒಂದು ಗ್ಲೂಕೋಸ್, ಆರು ಆಮ್ಲಜನಕ ಸೇರಿ ಆರು ಕಾರ್ಬನ್ ಡೈಆಕ್ಸೈಡ್, ಆರು ನೀರು, ಜೊತೆಗೆ ಶಕ್ತಿ. ಒಂದು ಮೋಲ್, ಅಂದರೆ 180 ಗ್ರಾಂ ಗ್ಲೂಕೋಸಿನಿಂದ ಸುಮಾರು 2,870 ಕಿಲೋಜೂಲ್. ಮಂಡಕ್ಕಿ ಭಟ್ಟಿಯ ಒಲೆಗೆ ಸುರಿದರೂ ಅಷ್ಟೇ, ಕೋಶದಲ್ಲಿ ಬಿಚ್ಚಿದರೂ ಅಷ್ಟೇ. ಒಲೆಯಲ್ಲಿ ಒಂದೇ ಸಲ ಭಗ್ಗೆನ್ನುತ್ತದೆ. ಕೋಶದಲ್ಲಿ ಕಿಣ್ವಗಳು, ಅಂದರೆ ರಾಸಾಯನಿಕ ಕೆಲಸವನ್ನು ಸಲೀಸು ಮಾಡುವ ಪ್ರೋಟೀನುಗಳು, ಅದನ್ನು ಇಷ್ಟಿಷ್ಟೇ ಇಳಿಸುತ್ತವೆ. ಇಳಿಯುವ ಶಕ್ತಿಯನ್ನು ಹಿಡಿದಿಡುವ ಅಣು ಎಟಿಪಿ. 1929ರಲ್ಲಿ ಇದನ್ನು ಸ್ನಾಯುವಿನಲ್ಲಿ ಕಂಡುಹಿಡಿದವರಲ್ಲಿ ನಮ್ಮ ಪಕ್ಕದ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರು. ಅವರು ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಜೊತೆ, ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಪ್ರತ್ಯೇಕವಾಗಿ.

ನಾಲ್ಕು ಕೋಣೆ ದಾಟಬೇಕು.

ಮೊದಲನೆಯದು ಗ್ಲೈಕಾಲಿಸಿಸ್, ಅಂದರೆ ಸಕ್ಕರೆ ಒಡೆಯುವುದು. ಕೋಶದ್ರವ್ಯದಲ್ಲೇ ನಡೆಯುತ್ತದೆ, ಆಮ್ಲಜನಕ ಬೇಡ. ಆರು ಕಾರ್ಬನ್ನಿನ ಗ್ಲೂಕೋಸ್ ಹತ್ತು ಮೆಟ್ಟಿಲಲ್ಲಿ ಮೂರು ಕಾರ್ಬನ್ನಿನ ಎರಡು ಪೈರುವೇಟ್ ಆಗುತ್ತದೆ. ಎರಡು ಎಟಿಪಿ ಬಂಡವಾಳ ಹಾಕಿ ನಾಲ್ಕು ಪಡೆದರೆ ಲಾಭ ಎರಡು. ಜೊತೆಗೆ ಎರಡು ಎನ್‌ಎಡಿಎಚ್. ಇದು ಇಲೆಕ್ಟ್ರಾನ್ ಹೊತ್ತೊಯ್ಯುವ ಹಮಾಲಿ ಅಂದುಕೊಳ್ಳಿ. ಯೀಸ್ಟಿನ ಬಾಟಲಿಯಲ್ಲಿ ಎಟಿಪಿಯ ಕಥೆ ಇಷ್ಟಕ್ಕೇ ಮುಗಿಯುತ್ತದೆ, ಅದಕ್ಕೇ ಅಲ್ಲಿ ಗಳಿಕೆ ಎರಡೇ ಎಟಿಪಿ.

ಎರಡನೆಯದು ಸಣ್ಣ ಪಡಸಾಲೆ. ಪೈರುವೇಟ್ ಕೋಶದೊಳಗಿನ ಪುಟ್ಟ ಶಕ್ತಿಮನೆಯಾದ ಮೈಟೊಕಾಂಡ್ರಿಯಾದೊಳಗೆ ಹೋಗಿ ಒಂದೊಂದು ಕಾರ್ಬನ್ ಕಳಚಿ ಅಸಿಟೈಲ್ ಕೋಎ ಆಗುತ್ತದೆ. ಎರಡು ಕಾರ್ಬನ್ ಡೈಆಕ್ಸೈಡ್ ಹೊರಗೆ, ಎರಡು ಎನ್‌ಎಡಿಎಚ್ ಕೈಗೆ.

ಮೂರನೆಯದು ಕ್ರೆಬ್ಸ್ ಚಕ್ರ, ಆ ಅಸಿಟೈಲ್ ಕೋಎ ಪೂರ್ತಿ ಬಿಚ್ಚಿಕೊಳ್ಳುವ ಜಾಗ. ಹ್ಯಾನ್ಸ್ ಕ್ರೆಬ್ಸ್ 1937ರಲ್ಲಿ ಬಿಡಿಸಿದ್ದು, 1953ರಲ್ಲಿ ನೊಬೆಲ್ ಬಂತು. ಒಂದು ಗ್ಲೂಕೋಸಿಗೆ ಚಕ್ರ ಎರಡು ಸುತ್ತು ಸುತ್ತುತ್ತದೆ. ಇದನ್ನು ಮರೆತು ಒಂದೇ ಸುತ್ತಿನ ಲೆಕ್ಕ ಬರೆದು ಅಂಕ ಕಳೆದುಕೊಳ್ಳುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಎರಡು ಸುತ್ತಿಗೆ ನಾಲ್ಕು ಕಾರ್ಬನ್ ಡೈಆಕ್ಸೈಡ್, ಆರು ಎನ್‌ಎಡಿಎಚ್, ಎರಡು ಎಫ್‌ಎಡಿಎಚ್2 (ಇದೂ ಹಮಾಲಿಯೇ, ಹೊರೆ ಸ್ವಲ್ಪ ಹಗುರ), ಎರಡು ಎಟಿಪಿ. ಸುಣ್ಣದ ತಿಳಿಯನ್ನು ಬೆಳ್ಳಗೆ ಮಾಡಿದ್ದು ಎರಡನೆಯ, ಮೂರನೆಯ ಕೋಣೆಯಿಂದ ಬಂದ ಆ ಆರು ಅಣುಗಳ ಪೈಕಿಯದ್ದೇ.

ನಾಲ್ಕನೆಯ ಕೋಣೆ ಮೈಟೊಕಾಂಡ್ರಿಯಾದ ಒಳಪೊರೆ. ಇಲ್ಲಿ ನಿಧಾನವಾಗಿ ಓದಿ. ಹಮಾಲಿಗಳು ತಂದ ಇಲೆಕ್ಟ್ರಾನುಗಳು ಪೊರೆಯಲ್ಲಿ ಹುದುಗಿರುವ ಪ್ರೋಟೀನುಗಳ ಸಾಲಿನಲ್ಲಿ ಕೈಯಿಂದ ಕೈಗೆ ಇಳಿಯುತ್ತವೆ. ಇಳಿಯುವಾಗ ಬಿಟ್ಟ ಶಕ್ತಿಯಿಂದ ಹೈಡ್ರೋಜನ್ ಅಯಾನುಗಳು ಪೊರೆಯ ಆಚೆಗೆ ನೂಕಲ್ಪಟ್ಟು ಅಲ್ಲಿ ಒತ್ತೊತ್ತಾಗಿ ತುಂಬುತ್ತವೆ. ಚನ್ನಗಿರಿಯ ಸೂಳೆಕೆರೆ ತುಂಬಿದಂತೆ. ಏರಿಯಲ್ಲಿ ನೀರು ಇಳಿಯಲು ತೂಬು ಬಿಟ್ಟರೆ ಬೇರೆ ದಾರಿಯಿಲ್ಲ, ಇಲ್ಲೂ ಹಾಗೆಯೇ. ಇಲ್ಲಿನ ತೂಬಿನ ಹೆಸರು ಎಟಿಪಿ ಸಿಂಥೇಸ್. ಅಯಾನುಗಳು ನುಗ್ಗಿದಾಗ ಈ ಕಿಣ್ವ ರಾಟೆಯಂತೆ ನಿಜಕ್ಕೂ ತಿರುಗುತ್ತದೆ, ಒಂದು ಸುತ್ತಿಗೆ ಮೂರು ಎಟಿಪಿ ಉದುರುತ್ತವೆ. ಹೀಗೆ ತುಂಬಿದ ಅಯಾನುಗಳ ಒತ್ತಡದಿಂದಲೇ ಎಟಿಪಿ ಆಗುತ್ತದೆ ಎಂದು ಪೀಟರ್ ಮಿಚೆಲ್ 1961ರಲ್ಲಿ ಹೇಳಿದಾಗ ಬಹಳ ಮಂದಿ ಒಪ್ಪಲಿಲ್ಲ. 1978ರಲ್ಲಿ ಅದಕ್ಕೇ ನೊಬೆಲ್ ಕೊಟ್ಟರು.

ಆಮ್ಲಜನಕ ಬೇಕಾಗುವುದು ಈ ಸಾಲಿನ ಕಟ್ಟಕಡೆಯಲ್ಲಿ. ಇಳಿದು ಬಂದ ಇಲೆಕ್ಟ್ರಾನುಗಳನ್ನು ಅದು ತೆಗೆದುಕೊಂಡು ಹೈಡ್ರೋಜನ್ ಸೇರಿಸಿಕೊಂಡು ನೀರಾಗುತ್ತದೆ. ಅದು ಬರದಿದ್ದರೆ ಸಾಲು ಪೂರಾ ನಿಂತುಬಿಡುತ್ತದೆ. ಸಯನೈಡ್ ಕೊಲ್ಲುವುದೂ ಈ ಕೊನೆಯ ಜಾಗವನ್ನು ಹಿಡಿದೇ: ರಕ್ತದಲ್ಲಿ ಆಮ್ಲಜನಕ ಇದ್ದರೂ ಕೋಶ ಅದನ್ನು ಬಳಸಲಾರದು.

6. ಉತ್ತರ ಬರೆಯುವಾಗ ಬೀಳುವ ಗುಂಡಿಗಳು

ನಾವು ಎಳೆದುಕೊಂಡ ಆಮ್ಲಜನಕವೇ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಬರುತ್ತದೆ ಅನ್ನಬೇಡಿ. ಅದು ನೀರಾಗುತ್ತದೆ. ಹೊರಬೀಳುವ ಅನಿಲದ ಆಮ್ಲಜನಕ ಬಂದದ್ದು ಗ್ಲೂಕೋಸಿನಿಂದ ಮತ್ತು ನೀರಿನಿಂದ.

ಶಕ್ತಿ ‘ಉತ್ಪತ್ತಿ’ಯಾಗುತ್ತದೆ ಅನ್ನಬೇಡಿ, ಬಿಡುಗಡೆಯಾಗುತ್ತದೆ.

ಇನ್ನು ಎಟಿಪಿ ಜಗಳ. ಒಂದು ಎನ್‌ಎಡಿಎಚ್‌ಗೆ ಮೂರು, ಒಂದು ಎಫ್‌ಎಡಿಎಚ್2ಗೆ ಎರಡು ಎಂದು ಇಡೀ ಸಂಖ್ಯೆ ಹಿಡಿದರೆ 10ಕ್ಕೆ 30, ಎರಡಕ್ಕೆ 4, ನೇರವಾಗಿ ಬಂದ 4, ಒಟ್ಟು 38. ಈಗ ಒಪ್ಪಿರುವುದು ಎರಡೂವರೆ ಮತ್ತು ಒಂದೂವರೆ. ಹಾಗೆ ಎಣಿಸಿದರೆ 25, 3, 4, ಒಟ್ಟು 32. ಕೋಶದ್ರವ್ಯದಲ್ಲಿ ಹುಟ್ಟಿದ ಎರಡು ಹಮಾಲಿಗಳು ಮೈಟೊಕಾಂಡ್ರಿಯಾದ ಒಳಗೆ ಹೋಗಲಾರವು, ಹೊರೆಯನ್ನು ಬಾಗಿಲಲ್ಲೇ ಬೇರೆಯವರಿಗೆ ದಾಟಿಸಬೇಕು. ಕೆಲವು ಅಂಗಾಂಶಗಳಲ್ಲಿ ಈ ದಾಟಿಸುವಿಕೆಯಲ್ಲೇ ಖೋತಾ ಆಗುವುದರಿಂದ 38 ಇದ್ದದ್ದು 36, 32 ಇದ್ದದ್ದು 30 ಆಗುತ್ತದೆ. ಪರೀಕ್ಷೆಯಲ್ಲಿ ನಿಮ್ಮ ಪಠ್ಯಪುಸ್ತಕದಲ್ಲಿ ಏನಿದೆಯೋ ಅದನ್ನೇ ಬರೆಯಿರಿ, ಮೌಲ್ಯಮಾಪಕರ ಜೊತೆ ಉತ್ತರಪತ್ರಿಕೆಯಲ್ಲಿ ವಾದಕ್ಕೆ ನಿಲ್ಲಬೇಡಿ. ನೀಟ್‌ಗೆ ಓದುವವರು ಎರಡೂ ಲೆಕ್ಕ ತಿಳಿದಿರಲಿ.

ಒಂದು ಮೋಲ್ ಎಟಿಪಿಯ ಬೆಲೆಯನ್ನು ಪ್ರಮಾಣಿತ ಸ್ಥಿತಿಯ 30.5 ಕಿಲೋಜೂಲ್ ಎಂದು ಹಿಡಿದರೆ 32 ಮೋಲ್‌ಗೆ 976 ಆಯಿತು. 2,870ರಲ್ಲಿ ಮೂರನೇ ಒಂದು ಪಾಲಷ್ಟೇ. ಉಳಿದದ್ದೆಲ್ಲಿ ಹೋಯಿತು ಅಂತ ಕೇಳಿದರೆ ಎರಡನೆಯ ಹಂತದ ಫ್ಲಾಸ್ಕ್ ತೋರಿಸಿ.

ಪಿಯು ಮಕ್ಕಳಿಗೆ ಮಾತ್ರ: ಹೊರಬಿದ್ದ ಕಾರ್ಬನ್ ಡೈಆಕ್ಸೈಡನ್ನು ಒಳಹೋದ ಆಮ್ಲಜನಕದಿಂದ ಭಾಗಿಸಿದರೆ ಉಸಿರಾಟದ ಗುಣಾಂಕ. ಪಿಷ್ಟ ತಿನ್ನುವ ಜೋಳಕ್ಕೆ 1, ಎಣ್ಣೆ ಕರಗಿಸುವ ಚಳ್ಳಕೆರೆ ಶೇಂಗಾ ಮೊಳಕೆಗೆ 0.7ರ ಹತ್ತಿರ. ಎಣ್ಣೆಯಲ್ಲಿ ಆಮ್ಲಜನಕ ಕಡಿಮೆ, ಅದಕ್ಕೇ ಹೊರಗಿನದ್ದು ಹೆಚ್ಚು ಬೇಕು.

7. ರಾಶಿಯ ಹತ್ತಿರ ಹೋಗಿ

ಮೆಕ್ಕೆಜೋಳದ ಸುಗ್ಗಿಯಲ್ಲಿ ರಸ್ತೆ ಬದಿ ಟಾರ್ಪಾಲಿನ ಕೆಳಗಿದ್ದ ರಾಶಿಯ ಪಕ್ಕ ನಿಂತಿದ್ದಾಗ ರೈತರೊಬ್ಬರು, ‘ಒಳಗೆ ಕೈ ಹಾಕಿ ನೋಡ್ರಿ ಮೇಷ್ಟ್ರೇ, ಹೆಂಗೆ ಕಾದೈತೆ’ ಅಂದರು. ಮೊಣಕೈವರೆಗೆ ತೂರಿಸಿದರೆ ಬಿಸಿನೀರಿನ ಹಂಡೆಗೆ ಕೈ ಇಟ್ಟ ಹಾಗೆ, ತೆಗೆದರೆ ಬೆರಳೆಲ್ಲ ಒದ್ದೆ. ಸಮೀಕರಣದ ಬಲಗಡೆ ಇದ್ದದ್ದೆಲ್ಲ ಅಲ್ಲಿತ್ತು: ಬಿಸಿ, ನೀರು, ಮುಗ್ಗಲು ಗಾಳಿ. ಹಸಿ ಕಾಳು ಉಸಿರಾಡಿ ಬಿಸಿಯನ್ನೂ ತೇವವನ್ನೂ ಬಿಡುತ್ತದೆ. ಆ ತೇವಕ್ಕೆ ಬೂಷ್ಟು ಏಳುತ್ತದೆ, ಬೂಷ್ಟು ಕಾಳಿಗಿಂತ ಜೋರಾಗಿ ಉಸಿರಾಡಿ ಇನ್ನಷ್ಟು ಕಾಯಿಸುತ್ತದೆ. ಟಾರ್ಪಾಲು ಎಲ್ಲವನ್ನೂ ಒಳಗೇ ಕೂಡಿಡುತ್ತದೆ. ಮಳೆ ಇಲ್ಲದ ಹೊತ್ತಲ್ಲಿ ತೆಗೆದು ಹರವಲೇಬೇಕು.

ತೇವ ಶೇ. 14ಕ್ಕಿಂತ ಕೆಳಗಿಳಿದರೆ ಉಸಿರಾಟ ಮಂದವಾಗುತ್ತದೆ. ಮೀಟರ್ ಇಲ್ಲದವರು ಒಂದು ಒಣಗಿದ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಕಾಳು, ಎರಡು ಚಮಚ ಚೆನ್ನಾಗಿ ಒಣಗಿಸಿದ ಪುಡಿ ಉಪ್ಪು ಹಾಕಿ ಒಂದು ನಿಮಿಷ ಕುಲುಕಿ, ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ. 15ಕ್ಕಿಂತ ಮೇಲಿದೆ. ಅಂಟದೆ ಉದುರಿದರೆ ಚೀಲಕ್ಕೆ ತುಂಬಬಹುದು. ಉಪ್ಪು ಮೊದಲೇ ತೇವವಾಗಿದ್ದರೆ ಪರೀಕ್ಷೆ ಸುಳ್ಳು ಹೇಳುತ್ತದೆ, ಅದಕ್ಕೇ ಬಿಸಿಲಲ್ಲಿ ಒಣಗಿಸಿಕೊಳ್ಳಿ.

ಕೊನೆಗೆ ಹಗೇವು. ನಮ್ಮ ಕಡೆ ಹಿಂದೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮೆತ್ತಿಬಿಡುತ್ತಿದ್ದರು. ಒಳಗೆ ಕಾಳು, ಹುಳ ಎಲ್ಲ ಸೇರಿ ಆಮ್ಲಜನಕ ಮುಗಿಸುತ್ತಿದ್ದವು, ಆಮೇಲೆ ಹುಳವೂ ಸಾಯುತ್ತಿತ್ತು, ಕಾಳು ಉಳಿಯುತ್ತಿತ್ತು. ತೆರೆದ ಕೂಡಲೇ ಇಳಿದವರು ಹಾಗೇ ಒಳಗೆ ಕುಸಿದು ಬಿದ್ದದ್ದೂ ಉಂಟು. ಹಿರಿಯರು ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿ, ಆಮೇಲೆ ಇಳಿಯುತ್ತಿದ್ದರು. ನಿಮ್ಮ ಬಾಟಲಿಯಲ್ಲಿ ಆರಿದ ಕಡ್ಡಿಯೂ ಇದೇ ದೀಪ. ಊರಲ್ಲಿ ಹಳೆಯ ಹಗೇವು, ಬಹುಕಾಲ ಮುಚ್ಚಿಟ್ಟ ಕಣಜ ತೆರೆಯುವ ಸಂದರ್ಭ ಬಂದರೆ ದೀಪ ಆರಲಿಲ್ಲ ಅನ್ನುವ ಒಂದೇ ಧೈರ್ಯದ ಮೇಲೆ ಇಳಿಯಬೇಡಿ, ಒಬ್ಬರೇ ಅಂತೂ ಇಳಿಯಲೇಬೇಡಿ. ಒಳಗೆ ಬಿದ್ದವರನ್ನು ಎತ್ತಲೆಂದು ಹಿಂದೆಯೇ ಧುಮುಕಬೇಡಿ. ಮೊದಲು 112ಕ್ಕೆ ಕರೆ ಮಾಡಿ.